ಬಾಳೆ ಸಿಪ್ಪೆ, ಮರದ ಹೊಟ್ಟು, ಸೀಸದ ನೀರು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ನೀರಲ್ಲಿರೋ ಹೆವಿ ಮೆಟಲ್ (ಸೀಸ, ಕ್ಯಾಡ್ಮಿಯಂ ಥರದ ಲೋಹ) ಬಗ್ಗೆ ಸಣ್ಣ ಟಿಪ್ಪಣಿ ಒಂದು ಬಂದಿತ್ತು, ಗಿಡದ ತ್ಯಾಜ್ಯದಿಂದ ಅವನ್ನ ತೆಗೀಬಹುದು ಅಂತ ಕೊನೇಲಿ ಎರಡು ಸಾಲು ಇತ್ತು ಅಷ್ಟೇ. ಆ ಎರಡು ಸಾಲಿಗೇ ಇಷ್ಟು ಪ್ರಶ್ನೆ ಬಂದಿದೆ. ಒಂದೇ ಥರದವನ್ನ ಸೇರಿಸಿ ಒಂದು ಮಾಡಿದೀನಿ, ಕೆಲವಕ್ಕೆ ಉತ್ತರ ಉದ್ದ ಆಗಿದೆ, ಸಹಿಸ್ಕೊಳ್ಳಿ.

ಪ್ರಶ್ನೆ: ಬಾಳೆಹಣ್ಣಿನ ಸಿಪ್ಪೆ ಒಣಗಿಸಿ ಪುಡಿ ಮಾಡಿ ಕುಡಿಯೋ ನೀರಿನ ಪಾತ್ರೆಗೆ ರಾತ್ರಿ ಹಾಕಿಟ್ರೆ ಬೆಳಗ್ಗೆ ಹೊತ್ತಿಗೆ ಸೀಸ, ತಾಮ್ರ ಎಲ್ಲಾ ಹೋಗಿರುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ವಿಜ್ಞಾನಿಗಳೇ ಪ್ರೂವ್ ಮಾಡಿದಾರಂತೆ. ನಿಜಾನಾ? ಮನೇಲಿ ಮಾಡ್ಬಹುದಾ?

ಉತ್ತರ: ಅರ್ಧ ನಿಜ. ಆದ್ರೆ ಮನೇಲಿ ಮಾಡ್ಬೇಡಿ.

ಆ ವಿಡಿಯೋದವರು ಹೇಳ್ತಿರೋದು ಬಹುಶಃ 2011ರಲ್ಲಿ ಬ್ರೆಜಿಲ್‌ನ ಸಂಶೋಧಕರು ಪ್ರಕಟಿಸಿದ ಕೆಲಸದ ಬಗ್ಗೆ, ಇಂಟರ್‌ನೆಟ್ಟಲ್ಲಿ ಹತ್ತಾರು ಸಲ ತಿರುಗಿರೋದು ಅದೇ. ಅವರು ಬಾಳೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಅದರ ಮೇಲೆ ನದಿ ನೀರು ಹಾಯಿಸಿದ್ರು, ತಾಮ್ರ ಮತ್ತು ಸೀಸ ಸಿಪ್ಪೆಗೆ ಅಂಟ್ಕೊಂಡ್ತು, ಒಂದು ಗ್ರಾಂ ಪುಡಿ ಹೆಚ್ಚಂದ್ರೆ ಸುಮಾರು 41 ಮಿಲಿಗ್ರಾಂ ಸೀಸ, 21 ಮಿಲಿಗ್ರಾಂ ತಾಮ್ರ ಹಿಡಿಯುತ್ತೆ ಅಂತ ಬಂತು, ಒಂದೇ ಪುಡಿಯನ್ನ ಹನ್ನೊಂದು ಸಲ ತಿರುಗಿ ಬಳಸೋಕೂ ಆಯ್ತು. ಇಷ್ಟೂ ನಿಜ. ಆದ್ರೆ ವಿಡಿಯೋದಲ್ಲಿ ಹೇಳದೇ ಇರೋದು ಏನಂದ್ರೆ, ಆ ಕೆಲಸದ ಉದ್ದೇಶ ನೀರನ್ನ ಕುಡಿಯೋ ಹಾಗೆ ಮಾಡೋದು ಆಗಿರ್ಲೇ ಇಲ್ಲ. ನದಿಯಲ್ಲಿ ಲೋಹ ತುಂಬಾ ಕಮ್ಮಿ ಇದ್ದಾಗ ಮೆಷಿನ್‌ಗೆ ಅದು ಸರಿಯಾಗಿ ಕಾಣಲ್ಲ, ಅದಕ್ಕೆ ಮೊದಲು ಸಿಪ್ಪೆ ಮೇಲೆ ಲೋಹನ ಒಟ್ಟುಮಾಡಿ, ಆಮೇಲೆ ಸ್ವಲ್ಪವೇ ಆಸಿಡ್‌ನಲ್ಲಿ ಅದನ್ನ ಇಳಿಸಿ, ದಪ್ಪ ಮಾಡ್ಕೊಂಡು ಅಳೆಯೋದು. ಅಂದ್ರೆ ಅಳತೆಗೆ ಬೇಕಾದ ತಯಾರಿ ಅದು. ಅಳೆಯೋ ವಿಧಾನವನ್ನ ಕುಡಿಯೋ ನೀರಿನ ಫಿಲ್ಟರ್ ಮಾಡಿಬಿಟ್ಟಿದ್ದು ಮಧ್ಯದಲ್ಲಿ ಬಂದ ಹೆಡ್‌ಲೈನ್‌ಗಳು.

ಮನೇಲಿ ಯಾಕೆ ಬೇಡ ಅಂದ್ರೆ, ಸಿಪ್ಪೆ ಪುಡಿಯನ್ನ ರಾತ್ರಿಯಿಡೀ ನೀರಲ್ಲಿ ಇಟ್ರೆ ಅದರಲ್ಲಿರೋ ಸಕ್ಕರೆ, ಟ್ಯಾನಿನ್, ಬಣ್ಣ ಎಲ್ಲಾ ನೀರಿಗೆ ಬಿಡುತ್ತೆ, ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆ ಆಹಾರ ಬೇಕಾಗಿಲ್ಲ, ನೀರು ಕಂದು ಆಗುತ್ತೆ, ಎರಡನೇ ದಿನಕ್ಕೆ ವಾಸನೆ. ಸಿಪ್ಪೆ ಮೇಲೆ ಕೀಟನಾಶಕದ ಉಳಿಕೆ ಇದ್ರೆ ಅದೂ ಬರಬಹುದು. ಇನ್ನೊಂದು ವಿಷಯ, ನನಗೆ ಹೆಚ್ಚು ಭಯ ಇರೋದು ಇದ್ರದ್ದೇ: ಸೀಸಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕರಗಿರೋ ಮಟ್ಟದಲ್ಲಿ ರುಚೀನೂ ಇಲ್ಲ. ಹೋಯ್ತೋ ಉಳಿಯಿತೋ ನಿಮಗೆ ಗೊತ್ತಾಗೋ ದಾರಿಯೇ ಇಲ್ಲ, ಹೋಗಿದೆ ಅನ್ನೋ ಧೈರ್ಯದಲ್ಲಿ ಮಕ್ಕಳಿಗೆ ಕುಡಿಸ್ತಾ ಇರ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಇಟ್ಟಿರೋ ಮಟ್ಟ ಲೀಟರಿಗೆ 0.01 ಮಿಲಿಗ್ರಾಂ ಸೀಸ, ಅಷ್ಟು ಸೂಕ್ಷ್ಮದಲ್ಲಿ ಅಂದಾಜು ಅನ್ನೋದು ನಡೆಯಲ್ಲ.

ಪ್ರಶ್ನೆ: ಸತ್ತಿರೋ ಸಿಪ್ಪೆಗೆ, ಹೊಟ್ಟಿಗೆ ಲೋಹ ಯಾಕೆ ಅಂಟುತ್ತೆ? ಜೀವ ಇರೋ ಗಿಡ ಬೇರಿಂದ ಹೀರುತ್ತೆ ಅಂದ್ರೆ ಅರ್ಥ ಆಗುತ್ತೆ, ಇದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ಇದಕ್ಕೆ ಜೀವ ಬೇಕಾಗೇ ಇಲ್ಲ, ಪೂರ್ತಿ ಕೆಮಿಸ್ಟ್ರಿ. ಗಿಡದ ಜೀವಕೋಶದ ಗೋಡೆ ಅಂದ್ರೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್, ಹಣ್ಣಿನ ಸಿಪ್ಪೆಗಳಲ್ಲಾದ್ರೆ ಜೊತೆಗೆ ಪೆಕ್ಟಿನ್. ಈ ಅಣುಗಳ ಮೈಮೇಲೆಲ್ಲಾ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್, ಫಿನಾಲ್ ಅನ್ನೋ ಗುಂಪುಗಳು ಇರ್ತವೆ. ನೀರಲ್ಲಿ ನೆನೆದಾಗ ಕಾರ್ಬಾಕ್ಸಿಲ್ ಗುಂಪು ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಮೈನಸ್ ಚಾರ್ಜ್ ಆಗುತ್ತೆ, ನೀರಲ್ಲಿ ಕರಗಿರೋ ಸೀಸ, ಕ್ಯಾಡ್ಮಿಯಂ, ತಾಮ್ರ ಪ್ಲಸ್ ಚಾರ್ಜ್ ಇರೋ ಅಯಾನುಗಳು (ಚಾರ್ಜ್ ಹೊತ್ತ ಕಣಗಳು), ಹೋಗಿ ಆ ಮೈನಸ್ ಜಾಗದಲ್ಲಿ ಕೂರ್ತವೆ.

ಆದ್ರೆ ಆ ಜಾಗ ಖಾಲಿ ಇರಲ್ಲ. ಬಸ್ಸಲ್ಲಿ ಸೀಟೆಲ್ಲಾ ಮೊದಲೇ ತುಂಬಿರೋ ಹಾಗೆ ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶಿಯಂ, ಹೈಡ್ರೋಜನ್ ಕೂತಿರ್ತವೆ, ಸೀಸ ಬಂದು ಅವನ್ನ ಎಬ್ಬಿಸಿ ತಾನು ಕೂರುತ್ತೆ. ಇದಕ್ಕೇ ಅಯಾನು ವಿನಿಮಯ ಅಂತಾರೆ. ಎಲ್ಲಾ ಲೋಹಕ್ಕೂ ಒಂದೇ ಜೋರಿಲ್ಲ, ಸಾಮಾನ್ಯವಾಗಿ ಸೀಸ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಆಮೇಲೆ ತಾಮ್ರ, ಆಮೇಲೆ ಕ್ಯಾಡ್ಮಿಯಂ ಸತು, ನಿಕ್ಕಲ್ ಪಾಪ ಕೊನೇಲಿ.

ಇದರಲ್ಲಿ ಪಿಎಚ್‌ದೇ ದೊಡ್ಡ ಆಟ. ಪಿಎಚ್ ಅಂದ್ರೆ ನೀರು ಎಷ್ಟು ಆಸಿಡ್ ಅಂತ ಹೇಳೋ ಅಂಕಿ, ಅಂಕಿ ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ. ನೀರು ಆಸಿಡ್ ಆಗಿದ್ರೆ, ಪಿಎಚ್ 2 ಅಂದ್ಕೊಳ್ಳಿ, ನೀರ ತುಂಬಾ ಹೈಡ್ರೋಜನ್ ಅಯಾನು ಇರುತ್ತೆ, ಜಾಗ ಎಲ್ಲಾ ಅವೇ ಹಿಡಿದು ಲೋಹಕ್ಕೆ ಎಡೆ ಸಿಗಲ್ಲ. ಪಿಎಚ್ 4ರಿಂದ 6ರ ಒಳಗೆ ಚೆನ್ನಾಗಿ ಹಿಡಿಯುತ್ತೆ. ಅದಕ್ಕಿಂತ ಮೇಲೆ ಹೋದ್ರೆ ಲೋಹ ತಾನೇ ಹೈಡ್ರಾಕ್ಸೈಡ್ ಆಗಿ ಗಸಿ ಥರ ತಳಕ್ಕೆ ಕೂರೋಕೆ ಶುರು ಮಾಡುತ್ತೆ, ಆವಾಗ ನೀರಲ್ಲಿ ಲೋಹ ಕಮ್ಮಿ ಆಗಿದ್ದಕ್ಕೆ ಸಿಪ್ಪೆಗೆ ಕ್ರೆಡಿಟ್ ಕೊಡೋದು ತಪ್ಪು. ಎಷ್ಟೋ ರಿಪೋರ್ಟಲ್ಲಿ 99 ಪರ್ಸೆಂಟ್ ಅಂತ ಬರೆದಿರೋದು ನೋಡಿದ ತಕ್ಷಣ ನಾನು ಮೊದಲು ಹುಡುಕೋದು ಪಿಎಚ್ ಎಷ್ಟಿತ್ತು ಅಂತ.

ಪ್ರಶ್ನೆ: ನಮ್ಮ ನೀರು ಗಡಸು. ಅದರಲ್ಲೂ ಇದು ಕೆಲಸ ಮಾಡುತ್ತಾ?

ಉತ್ತರ: ಕಮ್ಮಿ ಮಾಡುತ್ತೆ. ಲ್ಯಾಬಲ್ಲಿ ಹೆಚ್ಚಿನ ಪ್ರಯೋಗ ಡಿಸ್ಟಿಲ್ಡ್ ವಾಟರ್‌ಗೆ ಸೀಸದ ಉಪ್ಪು ಒಂದನ್ನೇ ಕರಗಿಸಿ ಮಾಡಿರ್ತಾರೆ, ಸ್ಪರ್ಧೆಗೆ ಯಾರೂ ಇರಲ್ಲ. ನಿಜವಾದ ನೀರಲ್ಲಿ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರೋದು ಏನೂ ದೊಡ್ಡದಲ್ಲ, ಸೀಸ 0.05 ಮಿಲಿಗ್ರಾಂ ಇದ್ರೆ ಅದೇ ಮಿತಿಯ ಐದು ಪಟ್ಟು. ಲೆಕ್ಕ ಹಾಕಿ ನೋಡಿ, ಒಂದು ಸೀಸದ ಅಯಾನಿಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಕ್ಯಾಲ್ಸಿಯಂ ಅಯಾನು ಆಗುತ್ತೆ. ಸೀಸದ ಹಿಡಿತ ಎಷ್ಟೇ ಗಟ್ಟಿ ಇದ್ರೂ ಅಷ್ಟು ಜನರ ಮಧ್ಯೆ ನುಗ್ಗಬೇಕು. ಗ್ರಾಂಗೆ 41 ಮಿಲಿಗ್ರಾಂ ಅಂತ ಮೇಲೆ ಹೇಳಿದ್ನಲ್ಲ, ಅದು ನೀರಲ್ಲಿ ಸೀಸ ಧಾರಾಳವಾಗಿದ್ದಾಗ ಸಿಗೋ ಗರಿಷ್ಠ, ಸೀಸ ಚೂರೇ ಚೂರು ಇದ್ದಾಗ ಅದರ ಹತ್ತಿರಕ್ಕೂ ಬರಲ್ಲ.

ಪ್ರಶ್ನೆ: ಆರ್ಸೆನಿಕ್‌ಗೂ ಇದೇ ಸಿಪ್ಪೆ ನಡೆಯುತ್ತಾ? ಫ್ಲೋರೈಡ್‌ಗೆ?

ಉತ್ತರ: ಹಾಗೇ ಬಳಸಿದ್ರೆ ಎರಡಕ್ಕೂ ಹೆಚ್ಚುಕಮ್ಮಿ ಇಲ್ಲ ಅಂತಲೇ ಹೇಳ್ಬೇಕು. ಫ್ಲೋರೈಡ್ ಲೋಹವೇ ಅಲ್ಲ, ಅದು ಮೈನಸ್ ಚಾರ್ಜ್ ಇರೋದು, ಸಿಪ್ಪೆಯ ಮೈನಸ್ ಜಾಗಕ್ಕೆ ಅದು ಯಾಕೆ ಬರುತ್ತೆ. ಆರ್ಸೆನಿಕ್ ಇನ್ನೂ ಕಿರಿಕಿರಿ, ಅದು ನೀರಲ್ಲಿ ಎರಡು ರೂಪದಲ್ಲಿ ಇರುತ್ತೆ, ಒಂದು ಆರ್ಸೆನೇಟ್, ಮೈನಸ್ ಚಾರ್ಜಿಂದು, ಇನ್ನೊಂದು ಆರ್ಸೆನೈಟ್, ಸಾಮಾನ್ಯ ಕುಡಿಯೋ ನೀರಿನ ಪಿಎಚ್‌ನಲ್ಲಿ ಅದಕ್ಕೆ ಚಾರ್ಜೇ ಇರಲ್ಲ, ಬೋರ್‌ವೆಲ್ ಆಳದಲ್ಲಿ ಆಕ್ಸಿಜನ್ ಇಲ್ಲದ ಕಡೆ ಸಿಗೋದು ಹೆಚ್ಚಾಗಿ ಇದೇ, ವಿಷಾನೂ ಇದರದ್ದೇ ಜಾಸ್ತಿ.

ಆದ್ರೆ ಗಿಡದ ಹೊಟ್ಟಿಗೆ ಕಬ್ಬಿಣದ ಆಕ್ಸೈಡ್ ಲೇಪಿಸಿದ್ರೆ ಕಥೆ ಬದಲಾಗುತ್ತೆ, ಆರ್ಸೆನಿಕ್‌ಗೆ ಕಬ್ಬಿಣ ಅಂದ್ರೆ ತುಂಬಾ ಒಲವು. ಆವಾಗ ಹೊಟ್ಟು ಬರೀ ಆಧಾರ, ಕೆಲಸ ಮಾಡೋದು ಕಬ್ಬಿಣ. ಬಾಂಗ್ಲಾದೇಶದಲ್ಲಿ ಮನೆಮನೆಗೆ ಹೋದ ಸೋನೋ ಫಿಲ್ಟರ್ ಇದೆಯಲ್ಲ, ಅಬುಲ್ ಹುಸ್ಸಾಮ್ ಅನ್ನೋ ರಸಾಯನ ವಿಜ್ಞಾನಿ ಮಾಡಿದ್ದು, 2007ರಲ್ಲಿ ಗ್ರೇಂಜರ್ ಪ್ರಶಸ್ತಿಯ ಚಿನ್ನದ ಪದಕ ಮತ್ತು ಹತ್ತು ಲಕ್ಷ ಡಾಲರ್ ಬಂತು ಅದಕ್ಕೆ. ಅದರಲ್ಲೂ ಮರದ ಇದ್ದಿಲು ಇದೆ, ಮರಳು ಇದೆ, ಇಟ್ಟಿಗೆ ಚೂರೂ ಇದೆ, ಆದ್ರೆ ಆರ್ಸೆನಿಕ್ ಹಿಡಿಯೋದು ಕಬ್ಬಿಣದ ಪದರ.

ಪ್ರಶ್ನೆ: ನೀರು ಚೆನ್ನಾಗಿ ಕುದಿಸಿದ್ರೆ ಹೆವಿ ಮೆಟಲ್ ಹೋಗಲ್ವಾ? ಟಿಡಿಎಸ್ ಮೀಟರ್ ಕಮ್ಮಿ ತೋರಿಸಿದ್ರೆ ಸೇಫ್ ಅಂತ ತಿಳ್ಕೋಬಹುದಾ?

ಉತ್ತರ: ಎರಡಕ್ಕೂ ಇಲ್ಲ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಲೋಹ ಅಲ್ಲೇ ಇರುತ್ತೆ, ನೀರು ಆವಿಯಾಗಿ ಕಮ್ಮಿ ಆಗೋದ್ರಿಂದ ಲೋಹದ ಪ್ರಮಾಣ ಚೂರು ಏರುತ್ತೆ ಕೂಡ. ಟಿಡಿಎಸ್ ಮೀಟರ್ ನೂರಾರು ಮಿಲಿಗ್ರಾಂ ಉಪ್ಪನ್ನ ಒಟ್ಟಿಗೆ ಅಂದಾಜು ಮಾಡೋ ಸಾಧನ, ಅದರೊಳಗೆ 0.05 ಮಿಲಿಗ್ರಾಂ ಸೀಸ ಇದ್ಯೋ ಇಲ್ವೋ ಅದಕ್ಕೆ ಕಾಣಲ್ಲ.

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿನಿ. ಕಿತ್ತಳೆ ಸಿಪ್ಪೆ ಮತ್ತು ಮರದ ಹೊಟ್ಟು ಇವೆರಡರಲ್ಲಿ ಯಾವುದು ಚೆನ್ನಾಗಿ ಸೀಸ ತೆಗೆಯುತ್ತೆ ಅಂತ ಪ್ರಾಜೆಕ್ಟ್ ಮಾಡ್ಬೇಕು ಅಂತಿದೀನಿ. ಹೇಗೆ ಶುರು ಮಾಡ್ಲಿ?

ಉತ್ತರ: ಮೊದಲನೇ ಸಲಹೆ, ಸೀಸ ಬಿಟ್ಟು ತಾಮ್ರದಲ್ಲಿ ಮಾಡಮ್ಮ. ಲೆಡ್ ನೈಟ್ರೇಟ್ ಕೈಗೆ ಬಟ್ಟೆಗೆ ಸಿಂಕಿಗೆ ಆದ್ರೆ ತಲೆನೋವು, ಕೊನೇಲಿ ಉಳಿದದ್ದನ್ನ ಎಲ್ಲಿ ಹಾಕೋದು ಅನ್ನೋದು ಇನ್ನೊಂದು ತಲೆನೋವು. ಕಾಪರ್ ಸಲ್ಫೇಟ್ ಎಲ್ಲಾ ಲ್ಯಾಬಲ್ಲೂ ಇರುತ್ತೆ, ಅಮೋನಿಯಾ ಹಾಕಿದ್ರೆ ಗಾಢ ನೀಲಿ ಬಣ್ಣ ಬರುತ್ತೆ, ಕಲರಿಮೀಟರ್‌ನಲ್ಲಿ ಕೆಂಪು ಫಿಲ್ಟರ್ ಹಾಕಿ ಆ ಬಣ್ಣ ಎಷ್ಟು ಗಾಢ ಅಂತ ಅಳೀಬಹುದು, ದೊಡ್ಡ ಮೆಷಿನ್ ಬೇಕಾಗಿಲ್ಲ. ಅದನ್ನೂ ಸಿಂಕಿಗೆ ಸುರೀಬೇಡ, ಮೀನಿಗೆ ತಾಮ್ರ ವಿಷ, ಲ್ಯಾಬಿನ ವೇಸ್ಟ್ ಬಾಟಲಿಗೆ ಹಾಕು.

1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ನೀಲಿ ಕಾಪರ್ ಸಲ್ಫೇಟ್ ಹರಳು 0.393 ಗ್ರಾಂ ಹಾಕಿದ್ರೆ 100 ಮಿಲಿಗ್ರಾಂ ತಾಮ್ರ ಇರೋ ದ್ರಾವಣ ಆಗುತ್ತೆ. ಸಿಪ್ಪೆಯನ್ನ ಚಿಕ್ಕದಾಗಿ ಹೆಚ್ಚಿ, ತೊಳೆದ ನೀರಿಗೆ ಬಣ್ಣ ಬಿಡೋದು ನಿಲ್ಲೋ ತನಕ ತೊಳೆದು, 60 ಡಿಗ್ರಿ ಆಸುಪಾಸಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿ. ಎರಡು ವಸ್ತುವಿನ ಕಣದ ಸೈಜೂ ಒಂದೇ ಇರ್ಬೇಕು, ಇಲ್ಲಾಂದ್ರೆ ನೀನು ಹೋಲಿಸ್ತಿರೋದು ಸಿಪ್ಪೆಗೂ ಹೊಟ್ಟಿಗೂ ಅಲ್ಲ, ಸಣ್ಣ ಪುಡಿಗೂ ದಪ್ಪ ಪುಡಿಗೂ. ಆಮೇಲೆ 100 ಎಂಎಲ್ ದ್ರಾವಣಕ್ಕೆ ಅರ್ಧ ಗ್ರಾಂ ಹಾಕಿ ಅಲ್ಲಾಡಿಸ್ತಾ 5, 15, 30, 60, 120 ನಿಮಿಷಕ್ಕೆ ಸ್ಯಾಂಪಲ್ ತೆಗೆದು ಸೋಸಿ ಅಳೆ. ಹೆಚ್ಚಿನ ಭಾಗ ಮೊದಲ ಒಂದು ಗಂಟೆಯಲ್ಲೇ ಆಗಿಹೋಗುತ್ತೆ.

ಬ್ಲ್ಯಾಂಕ್, ಅಂದ್ರೆ ಹೋಲಿಸಿ ನೋಡೋಕೆ ಇಡೋ ಸ್ಯಾಂಪಲ್, ಮರೀಬೇಡ, ಅದೂ ಎರಡು ಥರದ್ದು. ಬರೀ ಕಾಪರ್ ದ್ರಾವಣ ಸಿಪ್ಪೆ ಇಲ್ಲದೆ ಒಂದು, ಬರೀ ನೀರಿಗೆ ಸಿಪ್ಪೆ ಹಾಕಿದ್ದು ಒಂದು. ಎರಡನೇದು ಯಾಕೆ ಅಂದ್ರೆ ಸಿಪ್ಪೆಯಿಂದ ಬರೋ ಬಣ್ಣ ಕಲರಿಮೀಟರ್‌ಗೆ ಮೋಸ ಮಾಡಬಹುದು. ಶುರುವಲ್ಲೂ ಕೊನೇಲೂ ಪಿಎಚ್ ಬರ್ಕೋ, 6 ದಾಟೋಕೆ ಬಿಡಬೇಡ, ಕಾರಣ ಮೇಲೆ ಹೇಳಿದೀನಿ. ಪ್ರತಿಯೊಂದನ್ನೂ ಮೂರು ಸಲ ಮಾಡು.

ರಿಸಲ್ಟ್ ಬರೆಯುವಾಗ ಪರ್ಸೆಂಟ್ ಒಂದನ್ನೇ ಬರೀಬೇಡ, ಗೈಡ್ ಕೇಳಿದ್ರೂ ಬರೀಬೇಡ ಅಂತ ಹೇಳ್ಬೇಕು ಅನ್ಸುತ್ತೆ, ಆದ್ರೆ ಮಾರ್ಕ್ಸ್ ಅವರ ಕೈಲಿದೆ, ಹಾಗಾಗಿ ಎರಡನ್ನೂ ಬರಿ. ಉದಾಹರಣೆಗೆ 100 ಎಂಎಲ್‌ನಲ್ಲಿ 10 ಮಿಲಿಗ್ರಾಂ ತಾಮ್ರ ಇತ್ತು, ಅರ್ಧ ಗ್ರಾಂ ಸಿಪ್ಪೆ 6 ಮಿಲಿಗ್ರಾಂ ಹಿಡೀತು ಅಂದ್ರೆ 60 ಪರ್ಸೆಂಟ್, ಅದೇ ಗ್ರಾಂ ಲೆಕ್ಕದಲ್ಲಿ 12 ಮಿಲಿಗ್ರಾಂ. ಈಗ ಐದು ಗ್ರಾಂ ಸಿಪ್ಪೆ ಸುರಿದು 9.5 ಮಿಲಿಗ್ರಾಂ ಹಿಡಿಸಿದ್ರೆ 95 ಪರ್ಸೆಂಟ್ ಅಂತ ದೊಡ್ಡದಾಗಿ ಕಾಣುತ್ತೆ, ಗ್ರಾಂಗೆ ನೋಡಿದ್ರೆ ಬರೀ 1.9. ಪರ್ಸೆಂಟ್ ಅನ್ನೋದು ಎಷ್ಟು ಸುರಿದ್ರಿ ಅನ್ನೋದರ ಮೇಲೆ ನಿಂತಿರುತ್ತೆ. ಬೇರೆಬೇರೆ ಸಾಂದ್ರತೆಯಲ್ಲಿ ಮಾಡಿ ಲ್ಯಾಂಗ್‌ಮ್ಯೂರ್ ಗ್ರಾಫ್ (ನೀರಲ್ಲಿ ಉಳಿದ ಲೋಹಕ್ಕೆ ಎದುರಾಗಿ ಸಿಪ್ಪೆ ಹಿಡಿದ ಲೋಹ) ಹಾಕಿದ್ರೆ ಗರಿಷ್ಠ ಎಷ್ಟು ಹಿಡಿಯುತ್ತೆ ಅಂತ ಸಿಗುತ್ತೆ. ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅದನ್ನ 1918ರಲ್ಲಿ ಬರೆದಿದ್ದು ಗಾಜು, ಅಭ್ರಕ, ಪ್ಲಾಟಿನಂ ಥರದ ನಯವಾದ ಮೇಲ್ಮೈಗೆ ಗ್ಯಾಸ್ ಅಂಟೋದರ ಬಗ್ಗೆ, ಕಿತ್ತಳೆ ಸಿಪ್ಪೆ ಅವರ ತಲೇಲಿ ಇರ್ಲಿಲ್ಲ, ಹಾಗಾಗಿ ಗ್ರಾಫ್ ನೆಟ್ಟಗೆ ಬಂದ ಮಾತ್ರಕ್ಕೆ ಸಿಪ್ಪೆ ಒಳಗೆ ಏನು ನಡೀತು ಅಂತ ತಿಳಿದುಬಿಡ್ತು ಅಂದ್ಕೋಬೇಡ.

ನನ್ನ ಊಹೆ ಕಿತ್ತಳೆ ಸಿಪ್ಪೆ ಗೆಲ್ಲುತ್ತೆ, ಅದರಲ್ಲಿ ಪೆಕ್ಟಿನ್ ಜಾಸ್ತಿ. ಟೈಮ್ ಇದ್ರೆ ಸಿಪ್ಪೆಯ ಇನ್ನೊಂದು ಬ್ಯಾಚನ್ನ ತೆಳು ಸೋಡಿಯಂ ಹೈಡ್ರಾಕ್ಸೈಡಲ್ಲಿ ನೆನೆಸಿ ತೊಳೆದು ಹೋಲಿಸು. ಪೆಕ್ಟಿನ್ ಮೇಲೆ ಮುಚ್ಚಿಕೊಂಡಿರೋ ಕಾರ್ಬಾಕ್ಸಿಲ್‌ಗಳು ಅದರಿಂದ ತೆರ್ಕೊಳ್ತವೆ, ವ್ಯತ್ಯಾಸ ಕಣ್ಣಿಗೇ ಕಾಣೋಷ್ಟು ಬರಬಹುದು.

ಪ್ರಶ್ನೆ: ನಮ್ಮದು ಚಿಕ್ಕ ಎಲೆಕ್ಟ್ರೋಪ್ಲೇಟಿಂಗ್ ಯೂನಿಟ್. ನಿಕ್ಕಲ್ ಮತ್ತು ಕ್ರೋಮ್ ತೊಳೆದ ನೀರು ಬರುತ್ತೆ. ಮರದ ಹೊಟ್ಟು ನಮಗೆ ಸುಲಭವಾಗಿ ಸಿಗುತ್ತೆ, ಒಂದು ಡ್ರಮ್‌ನಲ್ಲಿ ತುಂಬಿ ನೀರು ಬಿಟ್ರೆ ಸಾಕಾ?

ಉತ್ತರ: ನೀವು ಕೇಳಿದ್ದು ಖುಷಿ ಆಯ್ತು, ಯಾಕಂದ್ರೆ ಈ ವಿದ್ಯೆಗೆ ನಿಜವಾದ ಜಾಗ ಅಡುಗೆಮನೆ ಅಲ್ಲ, ನಿಮ್ಮಂಥ ಕಡೆಯೇ. ಆದ್ರೆ ಡ್ರಮ್ ಒಂದೇ ಸಾಕಾಗಲ್ಲ.

ಮೊದಲು ಎರಡು ನೀರನ್ನ ಬೇರೆಬೇರೆ ಇಡಿ, ನಿಕ್ಕಲ್ ಮತ್ತು ಕ್ರೋಮ್ ಸ್ವಭಾವ ಪೂರ್ತಿ ಉಲ್ಟಾ. ನಿಮ್ಮ ಲೇಪನದ ತೊಟ್ಟಿ ಅಂದ್ರೆ ಕ್ರೋಮ್ ಬಾತ್‌ನಲ್ಲಿ ಆರು ವೇಲೆನ್ಸಿ ಕ್ರೋಮಿಯಂ ಇದ್ರೆ, ಹಳದಿ ಕಿತ್ತಳೆ ಬಣ್ಣದ್ದು, ಅದು ಕ್ಯಾನ್ಸರ್ ತರೋ ರೂಪ, ಮತ್ತು ಅದು ಮೈನಸ್ ಚಾರ್ಜ್ ಇರೋದು. ಮರದ ಹೊಟ್ಟು ಅದನ್ನ ಪಿಎಚ್ 2ರ ಹತ್ತಿರ ಚೆನ್ನಾಗಿ ತೆಗೆಯುತ್ತೆ, ಬೇರೆ ಲೋಹಕ್ಕೆಲ್ಲಾ ಕೆಟ್ಟದು ಅಂದ್ನಲ್ಲ ಆ ಪಿಎಚ್‌ನಲ್ಲೇ. ತಮಾಷೆ ಅಂದ್ರೆ ಅಲ್ಲಿ ನಡೆಯೋದು ಬರೀ ಅಂಟೋದಲ್ಲ, ಹೊಟ್ಟಿನ ಲಿಗ್ನಿನ್ ಎಲೆಕ್ಟ್ರಾನ್ ಕೊಟ್ಟು ಆರು ವೇಲೆನ್ಸಿ ಕ್ರೋಮಿಯಂ ಅನ್ನ ಮೂರು ವೇಲೆನ್ಸಿಗೆ ಇಳಿಸುತ್ತೆ, ವಿಷ ತುಂಬಾ ಕಮ್ಮಿ ಆಗುತ್ತೆ. ಹಳದಿ ಬಣ್ಣ ಹೋಯ್ತು ಅಂತ ಕ್ರೋಮಿಯಂ ಹೋಯ್ತು ಅಂದ್ಕೋಬೇಡಿ, ರೂಪ ಬದಲಾಗಿ ಒಂದಷ್ಟು ನೀರಲ್ಲೇ ಇರುತ್ತೆ, ಟೋಟಲ್ ಕ್ರೋಮಿಯಂ ಅಳೆಸ್ಬೇಕು.

ಇದೇ ಕೆಲಸಕ್ಕೆ ಇಟಿಪಿಗಳಲ್ಲಿ, ಅಂದ್ರೆ ಫ್ಯಾಕ್ಟರಿಯ ಕೊಳೆ ನೀರು ಶುದ್ಧ ಮಾಡೋ ಘಟಕಗಳಲ್ಲಿ, ಪಿಎಚ್ 2ರಿಂದ 3ರಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಇಳಿಸಿ, ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ 8ರಿಂದ 9ಕ್ಕೆ ಏರಿಸಿ ಲೋಹನ ಗಸಿಯಾಗಿ (ಸ್ಲಡ್ಜ್) ತಳಕ್ಕೆ ಕೂರಿಸ್ತಾರೆ. ನಿಕ್ಕಲ್ ಕೂರೋಕೆ ಪಿಎಚ್ 10ರ ಹತ್ತಿರ ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಈ ಹಳೇ ದಾರಿಯನ್ನೇ ಮೊದಲ ಹಂತ ಇಟ್ಕೊಳ್ಳಿ, ಸುಣ್ಣ ಹಾಕಿದ ಮೇಲೂ ನೀರಲ್ಲಿ ಉಳಿಯೋ ಆ ಕೊನೇ ಚೂರನ್ನ ಹಿಡಿಯೋಕೆ, ಪಿಎಚ್ ವಾಪಸ್ 5-6ಕ್ಕೆ ತಂದು, ಹೊಟ್ಟಿನ ಕಾಲಮ್ (ಹೊಟ್ಟು ತುಂಬಿದ ಉದ್ದ ಕೊಳವೆ) ಇಡಿ. ಲೋಹ ಜಾಸ್ತಿ ಇರೋ ನೀರನ್ನ ನೇರ ಹೊಟ್ಟಿಗೆ ಬಿಟ್ರೆ ಹೊಟ್ಟು ಬೇಗ ತುಂಬಿ ಹೋಗುತ್ತೆ. ಲೆಕ್ಕ ಸಿಂಪಲ್, ಲೀಟರಿಗೆ 10 ಮಿಲಿಗ್ರಾಂ ಲೋಹ ಇರೋ ಸಾವಿರ ಲೀಟರಲ್ಲಿ 10 ಗ್ರಾಂ ಲೋಹ, ಹೊಟ್ಟು ನಿಜವಾಗಿ ಗ್ರಾಂಗೆ 5 ಮಿಲಿಗ್ರಾಂ ಹಿಡೀತು ಅಂತ ಇಟ್ಕೊಂಡ್ರೆ 2 ಕೆಜಿ ಒಣ ಹೊಟ್ಟು. ಲೀಟರಿಗೆ 200 ಮಿಲಿಗ್ರಾಂ ಇದ್ರೆ ಅದೇ ಸಾವಿರ ಲೀಟರಿಗೆ 40 ಕೆಜಿ, ದಿನಾ ಅಷ್ಟು ವಿಷದ ಹೊಟ್ಟು ಎಲ್ಲಿ ಇಡ್ತೀರಿ.

ಕಾಲಮ್‌ಗೆ ತುಂಬಾ ಸಣ್ಣ ಪುಡಿ ಬೇಡ, ನೆನೆದು ಉಬ್ಬಿ ನೀರೇ ಇಳಿಯಲ್ಲ, ಅರ್ಧದಿಂದ ಒಂದು ಮಿಲಿಮೀಟರ್ ಕಣ ಸರಿ. ಒಂದರ ಹಿಂದೆ ಒಂದು ಎರಡು ಕಾಲಮ್ ಇಡಿ, ಮೊದಲನೇದು ಸೋಲೋಕೆ ಶುರುವಾದಾಗ ಎರಡನೇದು ಹಿಡ್ಕೊಳ್ಳುತ್ತೆ. ಸೋತದ್ದು ಗೊತ್ತಾಗೋದು ಅಳೆದಾಗ ಮಾತ್ರ.

ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಎರಡು ಸಲ ಓದಿ: ನಿಮ್ಮ ಯೂನಿಟ್‌ನಲ್ಲಿ ಸಯನೈಡ್ ಬಾತ್ ಏನಾದ್ರೂ ಇದ್ರೆ ಅದರ ನೀರು ಈ ಆಸಿಡ್ ನೀರಿಗೆ ಒಂದು ಹನಿಯೂ ಸೇರಬಾರ್ದು. ಹೈಡ್ರೋಜನ್ ಸಯನೈಡ್ ಗ್ಯಾಸ್ ಬರುತ್ತೆ, ಆಳು ಸಾಯ್ತಾರೆ.

ಪ್ರಶ್ನೆ: ಲೋಹ ಹಿಡಿದಿರೋ ಹೊಟ್ಟನ್ನ ಆಮೇಲೆ ಗೊಬ್ಬರ ಮಾಡ್ಬಹುದಾ, ಅಥವಾ ಸುಟ್ಟುಬಿಡ್ಬಹುದಾ? ಹೇಗಿದ್ರೂ ಅದು ಗಿಡದ್ದೇ ತಾನೆ?

ಉತ್ತರ: ಗಿಡದ್ದು ಹೌದು, ಈಗ ಅದರಲ್ಲಿರೋದು ಗಿಡದ್ದಲ್ಲ. ಲೋಹ ನಾಶ ಆಗಲ್ಲ, ಕೊಳೆಯಲ್ಲ, ನೀರಿಂದ ಹೊಟ್ಟಿಗೆ ಜಾಗ ಬದಲಾಯಿಸಿದೆ ಅಷ್ಟೇ. ಗೊಬ್ಬರ ಮಾಡಿದ್ರೆ ಹೊಟ್ಟು ಕೊಳೆತು ಲೋಹ ಮಣ್ಣಿಗೆ ಬರುತ್ತೆ, ಅದರಲ್ಲೂ ಕ್ಯಾಡ್ಮಿಯಂ ಬೆಳೆಗೆ ಸಲೀಸಾಗಿ ಏರುತ್ತೆ. ಜಪಾನ್‌ನ ಜಿನ್ಜು ನದಿ ಬಯಲಲ್ಲಿ ಗಣಿ ನೀರಿನ ಕ್ಯಾಡ್ಮಿಯಂ ಗದ್ದೆಗೆ ಸೇರಿ ಅಕ್ಕಿಯ ಮೂಲಕ ಜನರ ಮೂಳೆ ಮುರಿಯೋ ರೋಗ ಬಂತು, ಇಟಾಯ್-ಇಟಾಯ್ ಅಂತ, 1968ರಲ್ಲಿ ಅಲ್ಲಿನ ಸರ್ಕಾರ ಅದನ್ನ ಮಾಲಿನ್ಯದಿಂದ ಬಂದ ರೋಗ ಅಂತ ಒಪ್ಕೊಂಡ್ತು. ದನಕ್ಕೆ ಹಾಕೋ ಮಾತಂತೂ ಬೇಡವೇ ಬೇಡ, ಇದನ್ನೂ ಒಬ್ಬರು ಕೇಳಿದಾರೆ.

ಸುಡೋದ್ರಲ್ಲಿ ತೊಂದರೆ ಏನಂದ್ರೆ ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಬಿಸಿಗೆ ಆವಿ ಆಗ್ತವೆ, ಕ್ರೋಮಿಯಂ ಗಾಳಿಯಲ್ಲಿ ಸುಟ್ಟಾಗ ಒಂದಷ್ಟು ವಾಪಸ್ ಆರು ವೇಲೆನ್ಸಿಗೆ ಹೋಗಬಹುದು. ಹೊಗೆ ಹಿಡಿಯೋ ವ್ಯವಸ್ಥೆ ಇರೋ ಕಡೆ ಮಾತ್ರ ಸುಡಬೇಕು, ಬೂದಿಯೂ ಹಜಾರ್ಡಸ್ ವೇಸ್ಟೇ.

ಚೆನ್ನಾಗಿರೋ ದಾರಿ ಅಂದ್ರೆ ತೆಳು ಆಸಿಡ್ ಹಾಯಿಸಿ ಲೋಹನ ಇಳಿಸೋದು. ಪಿಎಚ್ ಇಳಿದ್ರೆ ಹೈಡ್ರೋಜನ್ ಅಯಾನು ಬಂದು ಲೋಹನ ಎಬ್ಬಿಸುತ್ತೆ ಅಂತ ಆಗಲೇ ನೋಡಿದ್ವಲ್ಲ, ಅದನ್ನೇ ಉಪಯೋಗಿಸೋದು. ಸಾವಿರಾರು ಲೀಟರಲ್ಲಿ ಹರಡಿದ್ದ ತಾಮ್ರ ಕೆಲವೇ ಲೀಟರ್ ಆಸಿಡ್‌ಗೆ ಬರುತ್ತೆ, ಅಲ್ಲಿಂದ ಕರೆಂಟ್ ಹಾಯಿಸಿ ತಾಮ್ರವಾಗೇ ವಾಪಸ್ ತೆಗೀಬಹುದು. ಹೊಟ್ಟು ತೊಳೆದು ಮತ್ತೆ ಬಳಸ್ಬಹುದು, ಪ್ರತಿ ಸಲ ಆಸಿಡ್ ತಿಂದು ತಿಂದು ಅದರ ಶಕ್ತಿ ಕುಗ್ಗುತ್ತೆ. ಕೊನೇಗೆ ಉಳಿಯೋ ಹೊಟ್ಟನ್ನ ಅಧಿಕೃತ ಹಜಾರ್ಡಸ್ ವೇಸ್ಟ್ ಜಾಗಕ್ಕೇ ಕಳಿಸಬೇಕು.

ಪ್ರಶ್ನೆ: ತ್ಯಾಜ್ಯದ ಬದಲು ಜೀವಂತ ಗಿಡಾನೇ ಬೆಳೆಸಿದ್ರೆ ಒಳ್ಳೇದಲ್ವಾ? ಕೆರೇಲಿ ತೇಲೋ ವಾಟರ್ ಹಯಸಿಂತ್ ಲೋಹ ಹೀರುತ್ತೆ ಅಂತಾರೆ.

ಉತ್ತರ: ಹೀರುತ್ತೆ, ಬೇರಲ್ಲಿ ಚೆನ್ನಾಗೇ ಇಟ್ಕೊಳ್ಳುತ್ತೆ. ಅಣು ಸ್ಥಾವರ ದುರಂತ ಆದ ಚೆರ್ನೋಬಿಲ್ ಹತ್ತಿರದ ಒಂದು ಕೊಳದಲ್ಲಿ 1990ರ ದಶಕದಲ್ಲಿ ತೆಪ್ಪದ ಮೇಲೆ ಸೂರ್ಯಕಾಂತಿ ಬೆಳೆಸಿ ಬೇರಿಂದ ವಿಕಿರಣ ಸೂಸೋ ಸೀಸಿಯಂ, ಸ್ಟ್ರಾನ್ಷಿಯಂ ತೆಗೆಯೋ ಪ್ರಯೋಗ ಆಗಿತ್ತು. ಟೆರಿಸ್ ವಿಟ್ಟಾಟಾ ಅನ್ನೋ ಜರಿಗಿಡ ಆರ್ಸೆನಿಕ್ಕನ್ನ ಎಲೇಲಿ ರಾಶಿ ಹಾಕ್ಕೊಳ್ಳುತ್ತೆ ಅಂತ 2001ರಲ್ಲಿ ಫ್ಲೋರಿಡಾದ ಸಂಶೋಧಕರು ತೋರಿಸಿದ್ರು. ಆದ್ರೆ ಜೀವಂತ ಗಿಡಕ್ಕೆ ಬಿಸಿಲು, ಗೊಬ್ಬರ, ಸಮಯ ಬೇಕು, ವಿಷ ಜಾಸ್ತಿ ಆದ್ರೆ ಸಾಯುತ್ತೆ. ವಾಟರ್ ಹಯಸಿಂತ್‌ನಲ್ಲಿ ಇನ್ನೊಂದು ಪೇಚು, ಸಮಯಕ್ಕೆ ಕಿತ್ತು ಹೊರಗೆ ಹಾಕದೇ ಇದ್ರೆ ಅಲ್ಲೇ ಸತ್ತು ಕೊಳೆತು ಹೀರಿದ್ದೆಲ್ಲಾ ಕೆರೆಗೇ ವಾಪಸ್, ಜೊತೆಗೆ ನೀರಿನ ಆಕ್ಸಿಜನ್ನೂ ಹೋಗುತ್ತೆ. ಕಿತ್ತು ಒಣಗಿಸಿ ಪುಡಿ ಮಾಡಿದ್ರೆ ಅದೂ ಒಳ್ಳೆ ಹೀರುಪುಡಿಯೇ, ಹೆಣವಾದ ಮೇಲೂ ಕೆಲಸ ಮಾಡುತ್ತೆ.

ಪ್ರಶ್ನೆ: ನುಗ್ಗೆ ಬೀಜದ ಪುಡಿ? ತೆಂಗಿನ ಚಿಪ್ಪಿನ ಇದ್ದಿಲು?

ಉತ್ತರ: ನುಗ್ಗೆ ಬೀಜದ ಪ್ರೋಟೀನ್ ಪ್ಲಸ್ ಚಾರ್ಜಿಂದು, ಮಣ್ಣಿನ ಕಣಗಳನ್ನ ಗಂಟುಕಟ್ಟಿ ತಳಕ್ಕೆ ಇಳಿಸುತ್ತೆ, ಕದಡಿದ ನೀರು ತಿಳಿಯಾಗುತ್ತೆ. ಮಣ್ಣಿಗೆ ಅಂಟಿರೋ ಲೋಹ ಅದರ ಜೊತೆ ಹೋಗಬಹುದು, ಕರಗಿರೋದನ್ನ ಅದರ ಮೇಲೆ ನಂಬ್ಕೊಂಡು ಬಿಡಬೇಡಿ. ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ ಕ್ಲೋರಿನ್, ವಾಸನೆ, ಕೀಟನಾಶಕಕ್ಕೆ ಬಹಳ ಒಳ್ಳೇದು, ಲೋಹಕ್ಕೆ ಅಷ್ಟಕ್ಕಷ್ಟೇ, ಯಾಕಂದ್ರೆ ಅಷ್ಟು ಬಿಸಿ ಮಾಡಿದಾಗ ಮೇಲೆ ಹೇಳಿದ ಕಾರ್ಬಾಕ್ಸಿಲ್ ಗುಂಪುಗಳು ಸುಟ್ಟುಹೋಗಿರ್ತವೆ. ಕಮ್ಮಿ ಬಿಸಿಯಲ್ಲಿ, 300-400 ಡಿಗ್ರಿಯಲ್ಲಿ ಗಾಳಿ ಇಲ್ಲದೆ ಮಾಡಿದ ಬಯೋಚಾರ್‌ನಲ್ಲಿ ಅವು ಒಂದಷ್ಟು ಉಳಿದಿರ್ತವೆ.

ಪ್ರಶ್ನೆ: ಇದರ ಮೇಲೆ ಪ್ರತಿ ವರ್ಷ ಅಷ್ಟೊಂದು ಪೇಪರ್ ಬರ್ತವೆ, ಒಂದೊಂದು ಕಾಲೇಜಲ್ಲೂ ಪಿಎಚ್‌ಡಿ ಆಗಿದೆ. ಹಾಗಿದ್ರೆ ಒಂದೂ ಪ್ರಾಡಕ್ಟ್ ಯಾಕೆ ಕಾಣಲ್ಲ?

ಉತ್ತರ: ಕಾಣ್ತಿತ್ತು, ನಿಲ್ಲಲಿಲ್ಲ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿ ಥರದವರು 1980ರ ದಶಕದಿಂದಲೇ ಕಡಲ ಪಾಚಿ ಇಟ್ಕೊಂಡು ಇದನ್ನ ಗಂಭೀರವಾಗಿ ಕಟ್ಟಿದ್ರು. ಅಮೆರಿಕದ ಬ್ಯೂರೋ ಆಫ್ ಮೈನ್ಸ್ ಪಾಚಿ, ಪೀಟ್ ಮಾಸ್ ಥರದ ಸತ್ತ ಜೈವಿಕ ವಸ್ತುವನ್ನ ಪ್ಲಾಸ್ಟಿಕ್ ಮಣಿಗಳ ಒಳಗೆ ಸೇರಿಸಿ ಬಯೋ-ಫಿಕ್ಸ್ ಅಂತ ಮಾಡಿ ಗಣಿ ನೀರಿನ ಮೇಲೆ ಪರೀಕ್ಷೆ ಮಾಡ್ತು, ಕೆಲಸ ಮಾಡಿತು ಕೂಡ. ಆಲ್ಗಾಸಾರ್ಬ್ ಅಂತ ಇನ್ನೊಂದು ಬಂತು. ಆದ್ರೆ ಎದುರಿಗೆ ನಿಂತಿದ್ದು ಅಯಾನ್ ಎಕ್ಸ್‌ಚೇಂಜ್ ರೆಸಿನ್. ಅದು ಇದೇ ಅಯಾನು ವಿನಿಮಯಕ್ಕೆ ಅಂತ ಫ್ಯಾಕ್ಟರಿಯಲ್ಲಿ ತಯಾರಾಗೋ ಪ್ಲಾಸ್ಟಿಕ್ ಮಣಿ, ಎಲ್ಲಾ ಚೀಲದಲ್ಲೂ ಒಂದೇ ಗುಣ, ಕೊಳೆಯಲ್ಲ, ನೂರಾರು ಸಲ ತೊಳೆದು ಬಳಸ್ಬಹುದು. ಸಿಪ್ಪೆ ಹೊಟ್ಟು ಹಾಗಲ್ಲ, ಈ ತಿಂಗಳಿಂದು ಒಂದು ಥರ ಇದ್ರೆ ಮುಂದಿನ ತಿಂಗಳಿಂದು ಇನ್ನೊಂದು ಥರ, ಮಳೇಲಿ ಬೂಷ್ಟು, ನೀರಿಗೆ ಬಣ್ಣ. ಬಿಟ್ಟಿ ಸಿಗುತ್ತೆ ಅಂತಾರೆ, ಒಟ್ಟುಮಾಡಿ ತೊಳೆದು ಒಣಗಿಸಿ ಪುಡಿ ಮಾಡಿ ಸಾಗಿಸೋ ಹೊತ್ತಿಗೆ ಬಿಟ್ಟಿ ಅನ್ನೋದು ಉಳಿದಿರಲ್ಲ.

ಇನ್ನು ಪೇಪರ್‌ಗಳ ವಿಷಯ. ಒಂದು ಎಲೆ ಆಯ್ತು, ಇನ್ನೊಂದು ಎಲೆ, ಒಂದು ಸಿಪ್ಪೆ ಆಯ್ತು, ಮತ್ತೊಂದು ಸಿಪ್ಪೆ, ಅದೇ ಡಿಸ್ಟಿಲ್ಡ್ ವಾಟರ್, ಅದೇ ಒಂದೇ ಲೋಹ, ಅದೇ ಗ್ರಾಫ್. ಅದರಲ್ಲಿ ಹೊಸದೇನಿದೆ ಅಂತ ನನಗೆ ನಿಜವಾಗ್ಲೂ ಅರ್ಥ ಆಗಲ್ಲ. ನಿಜವಾದ ಫ್ಯಾಕ್ಟರಿ ನೀರನ್ನ ತಿಂಗಳುಗಟ್ಟಲೆ ಒಂದು ಕಾಲಮ್ ಮೇಲೆ ಓಡಿಸಿ, ಎಷ್ಟನೇ ದಿನ ಸೋತಿತು, ಉಳಿದ ಹೊಟ್ಟು ಎಲ್ಲಿಗೆ ಹೋಯ್ತು ಅಂತ ಬರೆದ ಒಂದು ಪೇಪರ್ ಅಂಥ ಐವತ್ತಕ್ಕೆ ಸಮ, ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಇದೆಲ್ಲಾ ಇದ್ರೂ ಈ ದಾರಿ ಬೇಡ ಅಂತ ನಾನು ಹೇಳಲ್ಲ, ಹೊಟ್ಟು ರಾಶಿ ಬಿದ್ದಿರೋ ಗಿರಣಿಯ ಪಕ್ಕದಲ್ಲೇ ಲೋಹದ ನೀರು ಬಿಡೋ ಯೂನಿಟ್ ಇದ್ರೆ ಸಾಗಾಟ ಇಲ್ಲ, ರೆಸಿನ್ ಕೊಳ್ಳೋ ಶಕ್ತಿ ಇಲ್ಲದವರಿಗೆ ಏನೂ ಇಲ್ಲದೇ ಚರಂಡಿಗೆ ಬಿಡೋದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಸರಿ, ಸಿಪ್ಪೆ ಬೇಡ ಅಂದ್ರಿ. ಮನೆ ನಲ್ಲಿ ನೀರಲ್ಲಿ ಸೀಸ ಇದೆ ಅಂತ ಅನುಮಾನ ಬಂದ್ರೆ ಏನು ಮಾಡೋದು?

ಉತ್ತರ: ಮೊದಲು ಅಳೆಸಿ. ಎಎಎಸ್ ಅಥವಾ ಐಸಿಪಿ-ಎಂಎಸ್ ಅನ್ನೋ, ಸೂಕ್ಷ್ಮ ಪ್ರಮಾಣದ ಲೋಹ ಅಳೆಯೋ ಮೆಷಿನ್ ಇರೋ ಲ್ಯಾಬ್ ಬೇಕು. ಸೀಸ ಎಷ್ಟೋ ಸಲ ಕೆರೆ ಬಾವಿಯಿಂದ ಬರೋದಲ್ಲ, ಮನೆಗೆ ಬರೋ ಹಳೇ ಸೀಸದ ಪೈಪು, ಬೆಸುಗೆ, ಹಿತ್ತಾಳೆ ನಲ್ಲಿಯಿಂದ ಬಿಡುತ್ತೆ. ಅಮೆರಿಕದ ಫ್ಲಿಂಟ್ ಊರಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿ, ಪೈಪು ಸವೆಯದ ಹಾಗೆ ಹಾಕಬೇಕಿದ್ದ ಕೆಮಿಕಲ್ ಹಾಕದೇ ಬಿಟ್ಟಿದ್ದಕ್ಕೆ ಪೈಪಿನ ಸೀಸವೇ ನೀರಿಗೆ ಇಳಿದಿತ್ತು. ನಿಮ್ಮಲ್ಲೂ ಸೀಸದ ಪೈಪ್ ಇದ್ದರೆ ಅದನ್ನ ಬದಲಾಯಿಸೋದೇ ಪೂರ್ತಿ ಪರಿಹಾರ, ಅಲ್ಲಿ ತನಕ ಆರ್‌ಒ ಅಥವಾ ಸೀಸಕ್ಕೆ ಅಂತಲೇ ಪರೀಕ್ಷೆ ಆಗಿರೋ ಫಿಲ್ಟರ್. ಕುಡಿಯೋಕೆ ಅಡುಗೆಗೆ ಬಿಸಿನೀರಿನ ನಲ್ಲಿಯದ್ದು ಬಳಸ್ಬೇಡಿ, ಬಿಸಿಗೆ ಸೀಸ ಜಾಸ್ತಿ ಕರಗುತ್ತೆ. ಲ್ಯಾಬಿಗೆ ಕೊಡೋ ಸ್ಯಾಂಪಲ್ಲನ್ನ ನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹಿಡೀಬೇಡಿ, ಕನಿಷ್ಠ ಆರು ಗಂಟೆ ನಲ್ಲಿ ಮುಚ್ಚಿಟ್ಟು, ಬೆಳಗ್ಗೆ ಎದ್ದು ಮೊದಲು ಬರೋ ಒಂದು ಲೀಟರನ್ನೇ ಹಿಡೀರಿ, ಪೈಪಲ್ಲಿ ರಾತ್ರಿಯಿಡೀ ನಿಂತ ನೀರು ಅದೇ.